ಒಂದು ವರ್ಷ, ಎರಡು ಮತ

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಕ್ಷೇತ್ರಗಳು ಕಾಂಗ್ರೆಸ್ಸಿನ ಪಾಲಾದವು. ವಿಜಯಪುರ ಜಿಲ್ಲೆಯ ಎಂಟರಲ್ಲಿ ಆರನ್ನು ಆ ಪಕ್ಷವೇ ಗೆದ್ದಿತು. ವರ್ಷ ತುಂಬುವಷ್ಟರಲ್ಲಿ, 2024ರ ಮೇ 7ರಂದು, ಇದೇ ಎಂಟು ಕ್ಷೇತ್ರಗಳ ಮತದಾರರು ಬಿಜೆಪಿಯ ರಮೇಶ ಜಿಗಜಿಣಗಿಯವರನ್ನು ಸತತ ನಾಲ್ಕನೇ ಸಲ ಲೋಕಸಭೆಗೆ ಆರಿಸಿದರು. ಟಿ.ವಿ. ಚರ್ಚೆಗಳಲ್ಲಿ ಇಂಥದ್ದಕ್ಕೆ ಎರಡೇ ಉತ್ತರ: ಜಾತಿ, ಇಲ್ಲವೇ ದುಡ್ಡು. ಆದರೆ ಹನ್ನೆರಡು ತಿಂಗಳಲ್ಲಿ ಯಾರ ಜಾತಿಯೂ ಬದಲಾಗುವುದಿಲ್ಲ. ದುಡ್ಡೇನು, ಎರಡೂ ಕಡೆಯಿಂದ ಬರುತ್ತದೆ. ಬದಲಾದದ್ದು ಬೇರೇನೋ ಇರಬೇಕು. ಅದನ್ನು ಹುಡುಕಲು ಮನಃಶಾಸ್ತ್ರ ನೆರವಾಗುತ್ತದೆ, ಎಲ್ಲ ಕಡೆಯಲ್ಲೂ ಅಲ್ಲ.

ಮೊದಲು ನೆರವಾಗದ ಕಡೆ. 1960ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆಂಗಸ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ‘ದಿ ಅಮೆರಿಕನ್ ವೋಟರ್’ ಎಂಬ ಪುಸ್ತಕದಲ್ಲಿ ಒಂದು ಮಾತು ಹೇಳಿದರು: ಪಕ್ಷನಿಷ್ಠೆ ಲೆಕ್ಕ ಹಾಕಿ ಹುಟ್ಟುವುದಲ್ಲ, ಧರ್ಮದಂತೆ ತಂದೆತಾಯಿಯಿಂದ ಮನೆಯಲ್ಲೇ ಬರುವಂಥದ್ದು. ಅಲ್ಲಿಗೆ ಅದು ಬಹುಮಟ್ಟಿಗೆ ನಿಜ. ಇಂಡಿಗೆ ತಂದು ಇಟ್ಟು ನೋಡಿದರೆ ನಿಲ್ಲುವುದಿಲ್ಲ. 1994, 1999, 2004 ಹೀಗೆ ಮೂರು ಚುನಾವಣೆಗಳಲ್ಲಿ ರವಿಕಾಂತ ಪಾಟೀಲರು ಅಲ್ಲಿ ಗೆದ್ದದ್ದು ಪಕ್ಷೇತರರಾಗಿ. ನಿಷ್ಠೆ ಇತ್ತು, ಗಟ್ಟಿಯಾಗಿಯೇ ಇತ್ತು, ಪಕ್ಷ ಮಾತ್ರ ಇರಲಿಲ್ಲ. ‘ನಮ್ಮ ಮಂದಿ’ ಎಂದು ಈ ಸೀಮೆಯವರು ಅನ್ನುವಾಗ ಅದರಲ್ಲಿ ಮನೆತನ ಬರುತ್ತದೆ, ಊರು ಬರುತ್ತದೆ, ಮಠ ಬರುತ್ತದೆ. ಚಿಹ್ನೆ ಬರುವುದು ಎಲ್ಲಕ್ಕಿಂತ ಕಡೆಗೆ.

ಹೆಚ್ಚು ಉಪಯೋಗಕ್ಕೆ ಬರುವುದು ಹೆನ್ರಿ ತಾಜ್‌ಫೆಲ್ 1970ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ನಡೆಸಿದ ಪ್ರಯೋಗ. ನಿಮಗೆ ಕ್ಲೀ ಚಿತ್ರಗಳು ಇಷ್ಟ, ನಿಮಗೆ ಕ್ಯಾಂಡಿನ್‌ಸ್ಕಿ ಚಿತ್ರಗಳು ಇಷ್ಟ ಎಂದು ಹೇಳಿ ಹುಡುಗರನ್ನು ಎರಡು ಗುಂಪು ಮಾಡಿದರು. ಅಸಲಿಗೆ ಹಂಚಿದ್ದು ಹೇಗೆಂದರೆ ಹಾಗೆ. ಅಷ್ಟಕ್ಕೇ ಆ ಹುಡುಗರು ದುಡ್ಡು ಹಂಚುವಾಗ ಮುಖವನ್ನೂ ನೋಡದ ತಮ್ಮ ಗುಂಪಿನವರ ಕಡೆ ವಾಲಿದರು. ಒಟ್ಟು ಮೊತ್ತ ಕಡಿಮೆಯಾದರೂ ಚಿಂತೆಯಿಲ್ಲ, ಇನ್ನೊಂದು ಗುಂಪಿಗಿಂತ ತಮ್ಮದಕ್ಕೆ ಹೆಚ್ಚು ಸಿಗಬೇಕು ಎಂಬುದೇ ಹಲವರ ಆಯ್ಕೆಯಾಯಿತು. ಗೆರೆ ಎಲ್ಲಿ ಎಳೆದರೂ ‘ನಾವು’ ಹುಟ್ಟಿಕೊಳ್ಳುತ್ತದೆ ಎಂದಾದರೆ, ಚುನಾವಣೆಯಲ್ಲಿ ಕೇಳಬೇಕಾದ ಪ್ರಶ್ನೆ ಮತದಾರ ಯಾವ ಗುಂಪಿನವನು ಎಂಬುದಲ್ಲ, ಈ ಸಲ ಗೆರೆ ಎಳೆದವರು ಯಾರು, ಎಲ್ಲಿ ಎಂಬುದು.

ಈ ಎಂಟೂ ಸೇರಿದ ಬಿಜಾಪುರ ಲೋಕಸಭಾ ಕ್ಷೇತ್ರ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಹಾಗಾಗಿ ಲಿಂಗಾಯತ, ಕುರುಬ, ಮುಸ್ಲಿಂ ಮತದಾರರಿಗೆ ಅಭ್ಯರ್ಥಿಗಳ ಪಟ್ಟಿಯಲ್ಲಿ ‘ನಮ್ಮವರು’ ಎನ್ನಲು ಯಾರೂ ಇರುವುದಿಲ್ಲ. ಊರ ಗೌಡಿಕೆಯ ಪೈಪೋಟಿಗೂ ಅಲ್ಲಿ ಜಾಗ ಕಡಿಮೆ. ಆ ಗೆರೆಗಳು ಅಳಿಸಿದಾಗ ಉಳಿಯುವುದು ದಿಲ್ಲಿಯಲ್ಲಿ ಯಾರು ಇರಬೇಕು ಎಂಬ ಗೆರೆ. ವಿಧಾನಸಭೆಗೆ ಬಂದರೆ ಉಳಿದವೆಲ್ಲ ಮತ್ತೆ ಏಳುತ್ತವೆ. ಇಬ್ಬರೂ ಲಿಂಗಾಯತರೇ ನಿಂತರೆ ಪಂಚಮಸಾಲಿ, ಗಾಣಿಗ, ಬಣಜಿಗ, ರೆಡ್ಡಿ ಎಂಬ ಒಳಗೆರೆಗಳು ಎದ್ದು ಕಾಣುತ್ತವೆ. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಲಿಂಗಾಯತ ಪ್ರತ್ಯೇಕ ಧರ್ಮಕ್ಕೆ ಶಿಫಾರಸು ಮಾಡಿದಾಗ ಲಕ್ಷಾಂತರ ಜನ ಒಂದೇ ಗೆರೆಯ ಒಳಗೆ ಬಂದು ನಿಲ್ಲುತ್ತಾರೆಂದು ಕೆಲವರು ಎಣಿಸಿದ್ದರು. ಎರಡೇ ತಿಂಗಳಲ್ಲಿ ಬಂದ ಫಲಿತಾಂಶದಲ್ಲಿ ಬಸವಣ್ಣ ಹುಟ್ಟಿದ ಬಾಗೇವಾಡಿ ಕಾಂಗ್ರೆಸ್ಸಿಗೆ, ಪಕ್ಕದ ಮುದ್ದೇಬಿಹಾಳ ಬಿಜೆಪಿಗೆ, ಸಿಂದಗಿ ಜೆಡಿಎಸ್‌ಗೆ ಹೋದವು. ಬೆಂಗಳೂರಿನಲ್ಲಿ ಎಳೆದ ಗೆರೆ ಇಲ್ಲಿಯ ಕಟ್ಟೆಯ ಮೇಲೆ ಮೂಡಲಿಲ್ಲ.

ಇನ್ನು ನೀರು. ಈ ತಾಲ್ಲೂಕುಗಳ ರಾಜಕಾರಣ ನೀರಿನದೇ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ ತೋರಿಸಿಕೊಟ್ಟದ್ದು, ಮನುಷ್ಯ ಲಾಭನಷ್ಟವನ್ನು ಅಳೆಯುವುದು ತಾನು ನಿಂತ ಜಾಗದಿಂದ, ಮತ್ತು ಬಂದದ್ದರ ಸಂತೋಷಕ್ಕಿಂತ ಹೋದದ್ದರ ಸಂಕಟ ಅವನಿಗೆ ದೊಡ್ಡದು. ಆಲಮಟ್ಟಿ ಇದನ್ನು ಕಣ್ಣೆದುರೇ ತೋರಿಸುತ್ತದೆ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಮುಳುಗುವ ಹೊಲದವನ ದನಿ ಕಾಲುವೆ ಕಾಯುವವನ ದನಿಗಿಂತ ಬೇಗ ಏಳುತ್ತದೆ. ಇನ್ನೂ ವಿಚಿತ್ರವಾದದ್ದು, ಕಾಲುವೆ ಬಂದು ನಾಲ್ಕು ಬೆಳೆ ತೆಗೆದ ಮೇಲೆ ನೀರು ‘ಬಂದದ್ದು’ ಎನಿಸಿಕೊಳ್ಳುವುದಿಲ್ಲ; ಅದು ಇರಬೇಕಾದದ್ದೇ ಆಗಿಬಿಡುತ್ತದೆ. ಆಮೇಲೆ ಮಾತೆಲ್ಲ ಕಾಲುವೆಯ ಕೊನೆಯ ಹೊಲಕ್ಕೆ ನೀರು ಹರಿಯದ್ದರ ಮೇಲೆ. ನೀರಾವರಿ ಮಾಡಿಸಿಯೂ ಸೋತ ನಾಯಕರು ಜನರನ್ನು ಉಪಕಾರ ಮರೆತವರೆಂದು ಬೈಯುವುದುಂಟು. ಅದು ಮರೆವಲ್ಲ, ನಿಂತ ಜಾಗ ಬದಲಾದದ್ದು.

ಹಾಗಾದರೆ ಕೃತಜ್ಞತೆಯೇ ಇಲ್ಲವೇ? ಇದೆ, ಆದರೆ ಅದು ಕೆಲಸಕ್ಕಿಂತ ಕಷ್ಟಪಟ್ಟ ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಗುತ್ತಿಬಸವಣ್ಣ ಏತ ನೀರಾವರಿ ಆಗುವ ತನಕ ಚಪ್ಪಲಿ ಮೆಟ್ಟುವುದಿಲ್ಲವೆಂದು ಬರಿಗಾಲಲ್ಲಿ ತಿರುಗಿದ ಸಿಂದಗಿಯ ಎಂ.ಸಿ. ಮನಗೂಳಿಯವರನ್ನು ಜನ ನೆನೆಯುವುದು ಯೋಜನೆಯ ಎಕರೆ ಲೆಕ್ಕದಿಂದಲ್ಲ, ಆ ಪಾದಗಳಿಂದ. ಆ ನೀರಾವರಿಗೆ ನೆರವಾದ ದೇವೇಗೌಡರ ಉಪಕಾರ ನೆನೆದು ಸಿಂದಗಿ ತಾಲ್ಲೂಕಿನ ಗೋಲಗೇರಿಯಲ್ಲಿ ಅವರ ಮೂರ್ತಿಯನ್ನೂ ನಿಲ್ಲಿಸಿದರು. 2018ರಲ್ಲಿ ಮನಗೂಳಿ ಗೆದ್ದದ್ದು ಅದೇ ಗೌಡರ ಪಕ್ಷವಾದ ಜೆಡಿಎಸ್‌ನಿಂದ. 2021ರ ಜನವರಿಯಲ್ಲಿ ಅವರು ತೀರಿಕೊಂಡರು, ಮಗ ಅಶೋಕ ಕಾಂಗ್ರೆಸ್ ಸೇರಿದರು, ಅಕ್ಟೋಬರಿನ ಉಪಚುನಾವಣೆಯಲ್ಲಿ ಜೆಡಿಎಸ್ ಠೇವಣಿಯನ್ನೇ ಕಳೆದುಕೊಂಡಿತು. ಮೂರ್ತಿ ಇದ್ದಲ್ಲೇ ಇತ್ತು.

ಮತ ಹಾಕಲು ಬರುವುದೂ ಲೆಕ್ಕದಿಂದಲ್ಲ. ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಇಲ್ಲಿಯವರು ಮತದಾನಕ್ಕೆಂದು ಊರಿಗೆ ಬರುತ್ತಾರೆ. ಬಸ್ಸಿನ ವ್ಯವಸ್ಥೆಯನ್ನು ಅಭ್ಯರ್ಥಿ ಮಾಡಿದ್ದರೂ ಕೂಲಿ ಹೋಗುವುದು ಅವರದೇ. 2006ರಲ್ಲಿ ಮಿಷಿಗನ್‌ನಲ್ಲಿ ಗರ್ಬರ್, ಗ್ರೀನ್, ಲಾರಿಮರ್ ಎಂಬವರು ಸಾವಿರಾರು ಮನೆಗಳಿಗೆ ಕಾಗದ ಬರೆದು, ಹಿಂದಿನ ಚುನಾವಣೆಗಳಲ್ಲಿ ನೀವೂ ನಿಮ್ಮ ನೆರೆಯವರೂ ಮತ ಹಾಕಿದ್ದೀರೋ ಇಲ್ಲವೋ ಎಂಬುದನ್ನು ನಮೂದಿಸಿ, ಈ ಸಲವೂ ಪಟ್ಟಿ ಕಳಿಸುತ್ತೇವೆ ಎಂದರು. ಮತದಾನ ಸುಮಾರು ಎಂಟು ಶೇಕಡಾಂಶ ಏರಿತು. ಮುದ್ದೇಬಿಹಾಳದ ಹಳ್ಳಿಗೆ ಆ ಕಾಗದ ಬೇಕಿಲ್ಲ. ಮತಗಟ್ಟೆಯ ಹೊರಗೆ ಕೂತ ಏಜೆಂಟನ ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಅದೇ ಕೆಲಸ ಮುಗಿಸಿರುತ್ತದೆ: ‘ಯಾಕೋ ತಮ್ಮಾ, ನಿಮ್ಮ ಮನಿಯವ್ರು ಇನ್ನೂ ಬಂದಿಲ್ಲಲ್ಲ?’

ಇಷ್ಟೆಲ್ಲ ಓದಿ, ಹಳ್ಳಿಯವರ ಮನಸ್ಸು ಹೀಗೆ, ನಮ್ಮದು ಮಾತ್ರ ವಿಚಾರ ಎಂದುಕೊಳ್ಳುವವರಿಗೆ ಒಂದು ಮಾತು. ತನಗೆ ಬೇಕಾದ ತೀರ್ಮಾನಕ್ಕೆ ತಕ್ಕ ಸಾಕ್ಷಿ ಹುಡುಕುವ ಗುಣವನ್ನು ಝೀವಾ ಕುಂಡಾ 1990ರಲ್ಲಿ ವಿವರಿಸಿದರು. ಓದು ಹೆಚ್ಚಿದರೆ ಈ ಗುಣ ಕಡಿಮೆಯಾಗಲೇಬೇಕೆಂದಿಲ್ಲ, ಸಾಕ್ಷಿ ಹುಡುಕುವ ಚಾತುರ್ಯ ಹೆಚ್ಚುತ್ತದೆ. ಮನಃಶಾಸ್ತ್ರವನ್ನು ಎದುರಾಳಿಯ ಕಾಯಿಲೆ ಹೆಸರಿಸಲು ಬಳಸುವ ಅಂಕಣಕಾರರಲ್ಲಿ ಇದಕ್ಕೆ ಬೇಕಾದಷ್ಟು ಉದಾಹರಣೆ ಸಿಗುತ್ತವೆ.

ಹಾಗೆಂದು ಎಲ್ಲಕ್ಕೂ ಮನಸ್ಸಿನ ಆಳಕ್ಕಿಳಿಯಬೇಕಿಲ್ಲ. ಬರಿಗಾಲಿನ ಮನಗೂಳಿಯವರ ಮಗ 2021ರಲ್ಲಿ ಬಿಜೆಪಿಯ ರಮೇಶ ಭೂಸನೂರ ಎದುರು 31 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 2023ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದಲೇ ನಿಂತು ಅದೇ ಎದುರಾಳಿಯನ್ನು ಸೋಲಿಸಿದರು. ತಂದೆಯ ನೆನಪು ಹಸಿಯಾಗಿದ್ದಾಗ ಸೋಲು, ಹಳತಾದ ಮೇಲೆ ಗೆಲುವು. ನನಗೆ ಕಾಣುವ ಕಾರಣ ಸರಳ. ಉಪಚುನಾವಣೆಯ ಹೊತ್ತಿಗೆ ಬೆಂಗಳೂರಿನಲ್ಲಿದ್ದದ್ದು ಬಿಜೆಪಿ ಸರ್ಕಾರ, ಒಂದು ಸ್ಥಾನದಿಂದ ಅದು ಬೀಳುವಂತಿರಲಿಲ್ಲ, ವಿರೋಧ ಪಕ್ಷದ ಶಾಸಕನನ್ನು ಆರಿಸಿದರೆ ರಸ್ತೆಗೂ ಕಾಲುವೆಗೂ ಅನುದಾನ ತರುವವರು ಯಾರು? 2023ರಲ್ಲಿ ಸರ್ಕಾರವೇ ಬದಲಾಗುವ ಸೂಚನೆ ಇತ್ತು, ಸಿಂದಗಿಯವರು ಬರುವ ಸರ್ಕಾರದ ಕಡೆಗೆ ಹೋದರು.