ಇಂದಿನ ಪಲ್ಯ ಯಾರು ಮಾಡುವರು?

ಮಕ್ಕಳೇ, ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರು? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಅವ್ವ, ಅಜ್ಜಿ, ಇಲ್ಲವೆ ಅಕ್ಕ. ಒಮ್ಮೆ ಒಬ್ಬ ಹುಡುಗ "ನಾನೂ ಮಾಡುತ್ತೇನೆ" ಎಂದು ಕೈ ಎತ್ತಿದ. ಉಳಿದವರೆಲ್ಲ ನಕ್ಕರು. ಆ ನಗು ನನಗೆ ಸರಿ ಎನಿಸಲಿಲ್ಲ. ಹುಡುಗಿಯಾಗಲಿ ಹುಡುಗನಾಗಲಿ, ಐದನೆಯ ತರಗತಿಗೆ ಬರುವಷ್ಟರಲ್ಲಿ ಒಂದು ಪಲ್ಯವನ್ನಾದರೂ ಮಾಡಲು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಚಿಕ್ಕವನಿದ್ದಾಗ ನಾವು ಮಿರಜದಲ್ಲಿ ಇದ್ದೆವು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಒಂದು ಮಳೆಗಾಲದಲ್ಲಿ ಅಕ್ಕ ಅಥಣಿಗೆ ಅಜ್ಜಿಯ ಮನೆಗೆ ಹೋಗಿದ್ದಳು. ಅಪ್ಪ ರಾತ್ರಿ ಪಾಳಿಗೆ ಹೋಗಿದ್ದ. ಅವ್ವನಿಗೆ ಜ್ವರ ಬಂದಿತ್ತು. ಕತ್ತಲಾಗುತ್ತಲೇ ನಾನೂ ತಮ್ಮನೂ "ಅವ್ವಾ, ಹಸಿವು" ಎನ್ನುತ್ತ ಅವಳ ಹಾಸಿಗೆಯ ಬಳಿ ಕುಳಿತೆವು. ಡಬ್ಬಿಯಲ್ಲಿ ರೊಟ್ಟಿ ಇದ್ದವು. ಬುಟ್ಟಿಯಲ್ಲಿ ಬಟಾಟಿ, ಉಳ್ಳಾಗಡ್ಡಿ, ನಾಲ್ಕು ತತ್ತಿ ಇದ್ದವು. ನಮಗೆ ಮಾಡಲು ಬರುತ್ತಿರಲಿಲ್ಲ. ಕೊನೆಗೆ ಅವ್ವ ಗೋಡೆ ಹಿಡಿದುಕೊಂಡು ಎದ್ದು ಬಂದು ಸ್ಟೋವ್ ಹೊತ್ತಿಸಿದಳು. ನಾವಿಬ್ಬರೂ ಉಂಡೆವು. ಅವಳು ಉಣ್ಣಲಿಲ್ಲ. ಸೌಟು ಹಿಡಿದ ಅವಳ ಕೈ ನಡುಗುತ್ತಿದ್ದುದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅಪ್ಪನಿಗೆ ಅಡುಗೆ ಬರುತ್ತಿರಲಿಲ್ಲವೇ? ಚೆನ್ನಾಗಿ ಬರುತ್ತಿತ್ತು! ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಗ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತಿದ್ದ. ಮನೆಗೆ ಬಂದರೆ ಮಾತ್ರ ಕುಡಿಯುವ ನೀರನ್ನೂ ಅವ್ವನೇ ತಂದುಕೊಡಬೇಕು. ಮಿರಜ ಜಂಕ್ಷನ್ನಿನ ಹೊರಗೆ ಗಾಡಿಯ ಮೇಲೆ ಆಮ್ಲೆಟ್ ಮಾಡುವವರನ್ನು ನೋಡಿರಿ. ಮದುವೆಯ ಮನೆಯಲ್ಲಿ ದೊಡ್ಡ ಪಾತ್ರೆಗಳ ಮುಂದೆ ನಿಲ್ಲುವವರನ್ನು ನೋಡಿರಿ. ಹೆಚ್ಚಿನವರು ಗಂಡಸರೇ. ದುಡ್ಡಿಗಾಗಿ ಮಾಡುವ ಅಡುಗೆಗೆ ಇಲ್ಲದ ನಾಚಿಕೆ ಮನೆಯ ಅಡುಗೆಗೆ ಏಕೆ?

ಮಕ್ಕಳ ಕೈಗೆ ಬೆಂಕಿ ಕೊಡಬಾರದು ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಮನೆಯಲ್ಲಿ ದೊಡ್ಡವರಿಲ್ಲದಾಗ ಒಲೆ ಹೊತ್ತಿಸಲು ಹೋಗಬೇಡಿರಿ. ಆದರೆ ದೊಡ್ಡವರು ಪಕ್ಕದಲ್ಲಿ ನಿಂತು ಕಲಿಸಬಹುದಲ್ಲವೆ? ಕಲಿಸದೆ ಇದ್ದರೆ ಹಿಂದಿನ ನಮ್ಮ ಮನೆಯಂತೆಯೇ ಆಗುತ್ತದೆ.

ಕಲಿಯಲು ಸುಲಭವಾದುದು ತತ್ತಿ-ಬಟಾಟಿಯ ಪಲ್ಯ. ನಾಲ್ಕು ಜನರಿಗೆ ಮೂರು ಬಟಾಟಿ, ಎರಡು ಉಳ್ಳಾಗಡ್ಡಿ, ನಾಲ್ಕು ತತ್ತಿ ಸಾಕು. ಹಸಿರು ಬಣ್ಣಕ್ಕೆ ತಿರುಗಿದ ಬಟಾಟಿ ಬೇಡ. ಅದರಲ್ಲಿ ಸೊಲನಿನ್ ಎಂಬ ವಿಷ ಇರುತ್ತದೆ. ತತ್ತಿಯನ್ನು ನೀರಿನಲ್ಲಿ ಹಾಕಿ ನೋಡಿರಿ. ತಾಜಾ ತತ್ತಿ ಮುಳುಗುತ್ತದೆ. ಹಳೆಯದಾದಂತೆ ಒಳಗೆ ಗಾಳಿ ಹೆಚ್ಚುವುದರಿಂದ ಅದು ತೇಲುತ್ತದೆ.

ಎರಡು ಚಮಚ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಉಳ್ಳಾಗಡ್ಡಿ ಹಾಕಿ ಬಾಡಿಸಬೇಕು. ನಂತರ ಚಿಟಿಕೆ ಅರಿಶಿನ, ಖಾರ, ಉಪ್ಪು. ಅರಿಶಿನ ಹೆಚ್ಚಾದರೆ ಕಹಿ. ನಮ್ಮ ಸಾಂಗಲಿಯ ಅರಿಶಿನದ ಪೇಟೆ ದೇಶಕ್ಕೆಲ್ಲ ಗೊತ್ತು. 2018ರಲ್ಲಿ ಸಾಂಗಲಿ ಅರಿಶಿನಕ್ಕೆ ಭೌಗೋಳಿಕ ಗುರುತು ಕೂಡ ದೊರೆಯಿತು. ಹಿಂದೆ ಹರಿಪುರದಲ್ಲಿ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಇರಲಿ, ಪಲ್ಯ ಸೀದೀತು! ತೆಳ್ಳಗೆ ಹೆಚ್ಚಿದ ಬಟಾಟಿ ಹಾಕಿ, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಸ್ವಲ್ಪ ನೀರು ಹಾಕಬೇಕು. ಒಳಗಿನ ಹಬೆ ತಣ್ಣನೆಯ ತಟ್ಟೆಗೆ ತಾಗಿ ಹನಿಯಾಗಿ ಬೀಳುತ್ತದೆ. ಆದ್ದರಿಂದ ಪಲ್ಯ ತಳ ಹಿಡಿಯುವುದಿಲ್ಲ. ಹತ್ತು ಹನ್ನೆರಡು ನಿಮಿಷಕ್ಕೆ ಬಟಾಟಿ ಬೇಯುತ್ತದೆ. ತತ್ತಿಗಳನ್ನು ಒಂದೊಂದಾಗಿ ಬಟ್ಟಲಿನಲ್ಲಿ ಒಡೆದು ನೋಡಿ, ಆಮೇಲೆ ಪಾತ್ರೆಗೆ ಹಾಕಿರಿ. ಒಂದು ಕೆಟ್ಟಿದ್ದರೂ ಇಡೀ ಪಲ್ಯ ಹಾಳಾದೀತು. ಎರಡು ಮೂರು ನಿಮಿಷ ಮಗುಚಿ, ತತ್ತಿ ಪೂರ್ತಿ ಗಟ್ಟಿಯಾದ ಮೇಲೆ ಇಳಿಸಿರಿ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ. ತತ್ತಿ ತಿನ್ನದ ಮನೆಗಳು ನಮ್ಮ ಭಾಗದಲ್ಲಿ ಬಹಳ. ಅವರು ಬಟಾಟಿಯ ಪಲ್ಯ ಮಾಡಿ, ಮೇಲೆ ಶೇಂಗಾದ ಪುಡಿ ಉದುರಿಸಿದರಾಯಿತು.

ಬಟಾಟಿ ಕೂಡ ನಮ್ಮ ನೆಲದ್ದಲ್ಲ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಪೋರ್ಚುಗೀಸರು ಅದನ್ನು ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಅವರ 'ಬಟಾಟ' ಮರಾಠಿಯಲ್ಲಿ ಬಟಾಟಾ ಆಯಿತು, ನಮ್ಮ ಬಾಯಲ್ಲಿ ಬಟಾಟಿ ಆಯಿತು. ಬೆಂಗಳೂರಿನ ಕಡೆಯವರು ಆಲೂಗಡ್ಡೆ ಎನ್ನುತ್ತಾರೆ. ತತ್ತಿಗೆ ಮೊಟ್ಟೆ ಎನ್ನುತ್ತಾರೆ. ಅಷ್ಟು ದೂರದಿಂದ ಬಂದ ಬಟಾಟಿ ನಮ್ಮ ಅಡುಗೆಮನೆಯಲ್ಲಿ ಹೊಂದಿಕೊಂಡಿದೆ. ಅದೇ ಮನೆಯಲ್ಲಿ ಹುಟ್ಟಿದ ಹುಡುಗರು ಮಾತ್ರ ಹೊಸ್ತಿಲಿನ ಹೊರಗೆ ನಿಲ್ಲುವುದು ನನಗೆ ವಿಚಿತ್ರವೆನಿಸುತ್ತದೆ.

ಅವ್ವ ಗುಣವಾದ ಮೇಲೆ ನಾನು ಹಟ ಹಿಡಿದು ಅವಳಿಂದ ಈ ಪಲ್ಯ ಕಲಿತೆ. ಮೊದಲ ದಿನ ಬಟಾಟಿ ದಪ್ಪ ಹೆಚ್ಚಿದ್ದೆ. ತತ್ತಿ ಬೆಂದಿತ್ತು, ಬಟಾಟಿ ಅರೆಬರೆ. ತಮ್ಮ ಮುಖ ಕಿವಿಚಿದ. ಅವ್ವ ಸುಮ್ಮನೆ ತಿಂದಳು. ಅಪ್ಪನೂ ಏನೂ ಅನ್ನಲಿಲ್ಲ. ಮರುದಿನ ಸಂಜೆ ಅವನು ತಾನಾಗಿಯೇ ಅಡುಗೆಮನೆಗೆ ಬಂದು, ಈಳಿಗೆಯ ಮುಂದೆ ಕುಳಿತು, "ಇಲ್ಲಿ ಬಾ, ಹೀಗೆ ತೆಳ್ಳಗೆ ಹೆಚ್ಚಬೇಕು ನೋಡು" ಎಂದ.