ದಂಡ ಕಟ್ಟಿದರೆ ಚಟ ಬಿಡುವುದೇ?



ಮಣಿಪಾಲದಲ್ಲಿ ಗಾಂಜಾ ಸೇವಿಸಿದ ಯುವಕರು ಪೊಲೀಸರ ವಶಕ್ಕೆ ಎಂಬ ಸುದ್ದಿಯನ್ನು ನಾವು ಉಚ್ಚಿಲದವರು ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ. ಓದಿದವರು "ಇವರನ್ನೆಲ್ಲ ಒಳಗೆ ಹಾಕಬೇಕು" ಎಂದುಬಿಡುತ್ತಾರೆ. ಕಾನೂನು ಮಾತ್ರ ನಮಗಿಂತ ಹೆಚ್ಚು ವಿವೇಕದಿಂದ ಯೋಚಿಸಿದೆ.

1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಂತೆ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಅದೇ ಕಾಯ್ದೆಯ 64-ಎ ಕಲಮಿನ ಪ್ರಕಾರ, ವ್ಯಸನಿಯು ತಾನಾಗಿ ಸರಕಾರದ ಅಥವಾ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆತನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ತಪ್ಪಬಹುದು. ತಪ್ಪು ಸಾಬೀತಾದ ಮೇಲೂ 39ನೇ ಕಲಮಿನಂತೆ ನ್ಯಾಯಾಲಯವು ವ್ಯಸನಿಯನ್ನು, ಆತನ ಒಪ್ಪಿಗೆ ಪಡೆದು, ಸೆರೆಯ ಬದಲು ಚಿಕಿತ್ಸೆಗೆ ಕಳುಹಿಸಬಹುದು.

ವ್ಯಸನಿಯಲ್ಲದೆ, ಗೆಳೆಯರ ಜೊತೆ ಒಮ್ಮೆ ಸೇದಿದ ಹುಡುಗನಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. 21 ವರ್ಷದೊಳಗಿನವನನ್ನು ಸೆರೆಗೆ ಕಳುಹಿಸುವುದಾದರೆ ನ್ಯಾಯಾಲಯವು ಅದಕ್ಕೆ ಕಾರಣವನ್ನು ಬರೆದಿಡಬೇಕು.

ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಬರುವುದು ಸುಲಭವೆಂದು ತಂದೆತಾಯಿಗೆ ತೋರುತ್ತದೆ. ಆದರೆ ಅದೂ ಶಿಕ್ಷೆಯೇ. ದಾಖಲೆ ಉಳಿಯುತ್ತದೆ, ಚಟವೂ ಉಳಿಯುತ್ತದೆ. ಸನ್ನಡತೆಯ ಮುಚ್ಚಳಿಕೆ ಬರೆಸಿ ಪರಿವೀಕ್ಷಣೆಯಲ್ಲಿ ಬಿಟ್ಟರೆ, 1958ರ ಕಾಯ್ದೆಯ 12ನೇ ಕಲಮಿನಂತೆ ಅಪರಾಧಿಯೆನಿಸಿದ್ದರಿಂದ ಬರುವ ಅನರ್ಹತೆ ಆ ಹುಡುಗನಿಗೆ ತಟ್ಟುವುದಿಲ್ಲ.

ಇದು ಅತಿಯಾದ ಸಲಿಗೆಯೆಂದು ಕೆಲವರು ಹೇಳಬಹುದು. 39ನೇ ಕಲಮಿನಡಿ ಬಿಡುಗಡೆಯಾದವನು ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಒಪ್ಪಿಸಬೇಕು. ಅನಂತರ ಮೂರು ವರ್ಷಗಳವರೆಗೂ ಮುಚ್ಚಳಿಕೆಗೆ ಬದ್ಧನಾಗಿರಬೇಕಾಗಬಹುದು. ಒಂದು ದಿನ ದಂಡ ಕಟ್ಟುವುದಕ್ಕಿಂತ ಇದು ಕಠಿಣವಾದ ಶಿಸ್ತು. ಮಾರುವವರ ವಿಷಯ ಬೇರೆ. ಅವರ ಪರವಾಗಿ ನಾನು ಮಾತನಾಡುತ್ತಿಲ್ಲ.

1989ರಲ್ಲಿ ಅಮೆರಿಕದ ಮಯಾಮಿಯಲ್ಲಿ ಮಾದಕದ್ರವ್ಯ ಪ್ರಕರಣಗಳಿಗಾಗಿಯೇ ಒಂದು ನ್ಯಾಯಾಲಯ ಆರಂಭವಾಯಿತು. ಇಂಥ ನ್ಯಾಯಾಲಯಗಳಲ್ಲಿ ನ್ಯಾಯಾಧೀಶರೇ ಆರೋಪಿಯನ್ನು ಮತ್ತೆ ಮತ್ತೆ ಕರೆಸಿ ಚಿಕಿತ್ಸೆ ಹೇಗೆ ಸಾಗಿದೆಯೆಂದು ವಿಚಾರಿಸುತ್ತಾರೆ. ನಮ್ಮಲ್ಲಿಯೂ ಸೇವನೆಯ ಪ್ರತಿಯೊಂದು ಪ್ರಕರಣದಲ್ಲಿ ಶಿಕ್ಷೆ ವಿಧಿಸುವ ಮೊದಲು ವೈದ್ಯರ ವರದಿಯನ್ನೂ ಪರಿವೀಕ್ಷಣಾಧಿಕಾರಿಯ ವರದಿಯನ್ನೂ ತರಿಸಿಕೊಳ್ಳುವುದು ಕಡ್ಡಾಯವಾಗಬೇಕು. ನ್ಯಾಯಾಲಯದ ಮರ್ಜಿಗೆ ಬಿಟ್ಟದ್ದು ನಿಯಮವಾಗಬೇಕು.

ನನ್ನ ಶಿಷ್ಯರಲ್ಲಿ ವಕೀಲರಾದವರು ಈ ಕಲಮುಗಳನ್ನು ನ್ಯಾಯಾಲಯದ ಗಮನಕ್ಕೆ ತನ್ನಿರಿ. ಹದಿಹರೆಯದ ಮಕ್ಕಳಿರುವವರು, ಮರ್ಯಾದೆ ಹೋಯಿತೆಂದು ಮುಚ್ಚಿಡದೆ, ಪೊಲೀಸರು ಮನೆಗೆ ಬರುವ ಮೊದಲೇ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.