ಚೀಟಿಯ ಜೊತೆ ಹಣವೂ ನಗರಕ್ಕೆ

ರಾಯಚೂರು ಜಿಲ್ಲೆಯ ಮಾನ್ವಿಯಿಂದ ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ಚಿಕಿತ್ಸೆಯ ಖರ್ಚನ್ನು ಯಾರು ಹೊರಬೇಕು ಎಂಬ ಮಾತು ಬಂದಾಗಲೆಲ್ಲ ಎರಡು ದೇಶಗಳ ಹೆಸರು ಕೇಳಿಬರುತ್ತವೆ. 1883ರಲ್ಲೇ ಕಾರ್ಮಿಕರ, ಮಾಲೀಕರ ವಂತಿಗೆಯಿಂದ ಕಾಯಿಲೆ ವಿಮೆ ಶುರು ಮಾಡಿದ್ದು ಜರ್ಮನಿ. 1948ರಿಂದ ತೆರಿಗೆ ಹಣದಲ್ಲಿ ಎಲ್ಲರಿಗೂ ಚಿಕಿತ್ಸೆ ಕೊಡುತ್ತಿರುವುದು ಬ್ರಿಟನ್. ಹತ್ತಿ ಬಿಡಿಸುವ ಕೂಲಿಯವರಿಂದ ತಿಂಗಳ ವಂತಿಗೆ ಎತ್ತಲಾಗದು, ಹಾಗಾಗಿ ಜರ್ಮನಿಯ ದಾರಿ ನಮಗೆ ಹೊಂದದು. ತೆರಿಗೆಯ ದಾರಿಯನ್ನು ಆಗಲೇ ಹಿಡಿದಿದ್ದೇವೆ: 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಹೊಣೆ ಸರ್ಕಾರದ್ದು. ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎಲ್ಲಿಗೆ ಹೋಗುತ್ತದೆ ಎಂಬುದು ಹಾಗೇ ಉಳಿದಿದೆ. ಕೇಸಿಗೆ ಇಷ್ಟೆಂದು, ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಅದು ಸಂದಾಯವಾಗುತ್ತದೆ. ತಜ್ಞರಿಲ್ಲದ ಸರ್ಕಾರಿ ಆಸ್ಪತ್ರೆ ಬರೆಯಬಹುದಾದದ್ದು ರೆಫರಲ್ ಚೀಟಿ ಮಾತ್ರ; ಚೀಟಿಯ ಹಿಂದೆಯೇ ಹಣವೂ ನಗರ ಸೇರುತ್ತದೆ. ಹಣ ಕಾಣದ ಆಸ್ಪತ್ರೆ ಬೆಳೆಯದು, ಬೆಳೆಯದ ಆಸ್ಪತ್ರೆಗೆ ತಜ್ಞರು ಬಾರರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲಿನವರು ಹರಿಸಿಕೊಂಡು ಮಿಕ್ಕಿದ್ದಷ್ಟೇ ಕೆಳಗೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಮಾನ್ವಿ, ದೇವದುರ್ಗಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ್ದು 2002ರಲ್ಲಿ. ಅದೇ ವರ್ಷ ಥಾಯ್ಲೆಂಡ್ ತನ್ನ ‘30 ಬಾತ್’ ಆರೋಗ್ಯ ಯೋಜನೆಯನ್ನು ದೇಶಕ್ಕೆಲ್ಲ ಹರಡಿತು. ಅಲ್ಲಿ ಹೊರರೋಗಿಗಳ ಚಿಕಿತ್ಸೆಗೆ ಕೇಸಿನ ಲೆಕ್ಕವಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯಂಥ ಆಸ್ಪತ್ರೆಗೆ, ನೋಂದಾಯಿಸಿಕೊಂಡ ಜನರ ತಲೆಲೆಕ್ಕದಲ್ಲಿ ಹಣ ಮೊದಲೇ ಬರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಯೂ ಅದರಲ್ಲೇ. (ನಮ್ಮ ಯೋಜನೆಯ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ; ದೇಶದ ಆರೋಗ್ಯ ಖರ್ಚಿನಲ್ಲಿ ಜನ ಕೈಯಿಂದ ಕೊಟ್ಟ ಪಾಲು 2021-22ರಲ್ಲೂ ಶೇ 39.4 ಇತ್ತು.) 30 ಬಾತ್ ಯೋಜನೆಗೆ ಎಷ್ಟೋ ಮುಂಚೆ, 1980ರ ದಶಕದಲ್ಲೇ, ಥಾಯ್ಲೆಂಡಿನವರು ನಗರದ ದೊಡ್ಡ ಆಸ್ಪತ್ರೆಗಳ ಹೊಸ ಬಂಡವಾಳ ತಡೆಹಿಡಿದು ಹಳ್ಳಿಗಾಡಿನ ಆಸ್ಪತ್ರೆಗಳನ್ನು ಕಟ್ಟಿದ್ದರು. ನಾವು ಕಾರ್ಡು ಮೊದಲು ಹಂಚಿದೆವು.

ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ತಲೆಲೆಕ್ಕದಲ್ಲಿ ಹಣ ಮೊದಲೇ ಕೊಡಿ ಎಂಬುದು ನನ್ನ ಕೋರಿಕೆ. ಒಂದು ದೇಶ ಮಾಡಿದ್ದನ್ನು ಒಂದು ರಾಜ್ಯ ಮಾಡಲಾದೀತೆ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಆಸ್ಪತ್ರೆಗಳು ಸಂವಿಧಾನದ ರಾಜ್ಯಪಟ್ಟಿಯಲ್ಲೇ ಇವೆ, ಹೊಸ ತೆರಿಗೆಯನ್ನೂ ನಾನು ಕೇಳುತ್ತಿಲ್ಲ. ವೈದ್ಯರು ಮಾನ್ವಿಗೆ ಬರುವುದಿಲ್ಲ ಎಂಬ ಮಾತಿಗೆ ತೂಕವಿದೆ. ಕಡ್ಡಾಯ ಸೇವೆಯೊಂದರಿಂದಲೇ ಥಾಯ್ಲೆಂಡಿನ ಹಳ್ಳಿಗಳಲ್ಲೂ ವೈದ್ಯರು ನಿಲ್ಲಲಿಲ್ಲ. ಕಷ್ಟದ ಊರಿಗೆ ಹೆಚ್ಚಿನ ಭತ್ಯೆ, ಹಳ್ಳಿಯ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಸೀಟು ಕೊಡಬೇಕಾಯಿತು. ಸಂವಿಧಾನದ 371(ಜೆ) ವಿಧಿಯಿಂದ ಸ್ಥಳೀಯರಿಗೆ ಸೀಟು ನಮ್ಮಲ್ಲಿ ಆಗಲೇ ಇದೆ, ರಿಮ್ಸ್ ವೈದ್ಯಕೀಯ ಕಾಲೇಜು ರಾಯಚೂರಿನಲ್ಲೇ ಇದೆ. ಓದಿ ಬಂದವರನ್ನು ಉಳಿಸಿಕೊಳ್ಳಲು ತಾಲ್ಲೂಕು ಆಸ್ಪತ್ರೆಯ ಕೈಯಲ್ಲಿ ದುಡ್ಡಿರಬೇಕು. ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಹಣ ಮೊದಲೇ ಕೈಸೇರಿದ ಆಸ್ಪತ್ರೆ ರೋಗಿಯನ್ನು ಮುಟ್ಟದೆಯೇ ಸಾಗಹಾಕಬಹುದು. ನಿಜ. ಅದಕ್ಕೇ ರೆಫರಲ್ ಆದ ಕೇಸಿನ ಖರ್ಚಿನ ಒಂದು ಪಾಲನ್ನು ಕಳಿಸಿದ ಆಸ್ಪತ್ರೆಯ ಲೆಕ್ಕದಿಂದಲೇ ಮುರಿದುಕೊಳ್ಳಿ. ತಲೆಲೆಕ್ಕದ ಈ ಪದ್ಧತಿಯನ್ನು ಮೊದಲು ಮಾನ್ವಿ, ದೇವದುರ್ಗ ಎರಡೇ ತಾಲ್ಲೂಕುಗಳಲ್ಲಿ ಮೂರು ವರ್ಷ ನಡೆಸಿ ನೋಡಿ; ಅಲ್ಲಿಂದ ನಗರಕ್ಕೆ ಹೋದ ಚೀಟಿಗಳೆಷ್ಟು, ಯಾವ ಕಾಯಿಲೆಗೆ ಎಂಬ ಪಟ್ಟಿಯನ್ನು ಪ್ರತಿವರ್ಷ ಸದನದ ಮುಂದಿಡಿ.

ಇತಿ,
ಮಾನ್ವಿಯ ಒಬ್ಬ ನಾಗರಿಕ